ಫ್ರೀ ಲಾಯರ್ ಸಿಕ್ಕಿದ್ರು, ಬೇಲೂ ಆಯ್ತು, ಆದ್ರೆ ಪಹಣಿ ಇರ್ಲಿಲ್ಲ: ಉಚಿತ ಕಾನೂನು ನೆರವಿನ ಬಗ್ಗೆ ನನ್ನ ರಿವ್ಯೂ

ಹೋಟ್ಲಿಗೆ, ಬಟ್ಟೆ ಅಂಗಡಿಗೆ ಎಲ್ರೂ ರಿವ್ಯೂ ಬರೀತಾರೆ. ಮನೇಲಿ ಯಾರಾದ್ರೂ ಜೈಲಿಗೆ ಹೋದಾಗ ಯಾವ ಬಾಗ್ಲು ತಟ್ಬೇಕು ಅಂತ ಮಾತ್ರ ಯಾರೂ ಬರೆಯಲ್ಲ, ಮರ್ಯಾದೆ ಪ್ರಶ್ನೆ ಅಂತ ಬಾಯಿ ಮುಚ್ಕೊಂಡು ಇರ್ತಾರೆ. ಹಂಗಾಗಿ ನಾನು ಬರೀತಾ ಇದೀನಿ. ಕಾನೂನು ಸೇವಾ ಸಮಿತಿಯಿಂದ ಕೊಡೋ ಉಚಿತ ವಕೀಲರ ಸೇವೆಗೆ ನಾನು 5ಕ್ಕೆ 4 ಸ್ಟಾರ್ ಕೊಡ್ತೀನಿ. ಬೇಲ್ ಆದ್ಮೇಲೆ ಬರೋ ಶ್ಯೂರಿಟಿ ಅನ್ನೋ ವ್ಯವಸ್ಥೆಗೆ 1 ಸ್ಟಾರ್, ಅದೂ ಕೊಡ್ಲೇಬೇಕು ಅಂತ ಇರೋದಕ್ಕೆ. ಯಾವ ಊರು, ಯಾವ ಸ್ಟೇಷನ್ನು, ಯಾವ ಕೋರ್ಟು ಅಂತ ಹಾಕಲ್ಲ, ಕೇಸ್ ಇನ್ನೂ ನಡೀತಿದೆ.

ನಂದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕಲ್ಲಿ ಸಣ್ಣ ಜೆರಾಕ್ಸ್ ಅಂಗಡಿ. ದಿನಾ ಬೆಳಗಾದ್ರೆ ಪಹಣಿ ಪ್ರಿಂಟ್, ಆಧಾರ್ ಜೆರಾಕ್ಸ್, ಜಾತಿ ಆದಾಯಕ್ಕೆ ಅರ್ಜಿ ಇದೇ ಕೆಲ್ಸ. ನಮ್ಮ ಸೋದರಮಾವನ ಮಗ ಪಿಕಪ್ ಓಡಿಸ್ತಾನೆ, 23 ವರ್ಷ, ಗಾಡಿ ಬೇರೆಯವರದು, ಇವ್ನಿಗೆ ದಿನಗೂಲಿ. ಏಪ್ರಿಲ್ ಕೊನೇಲಿ ಒಬ್ರು ಫೋನ್ ಮಾಡಿ ಬಾಡಿಗೆ ಇದೆ ಬಾ ಅಂದ್ರಂತೆ, ಅಡಿಕೆ ಮೂಟೆ ತುಂಬ್ಕೊಂಡು ಹೋಗಿ ಇಳಿಸಿ ಬಂದ, ಬಾಡಿಗೆ ಇಸ್ಕೊಂಡ. ಮೂರನೇ ದಿನ ಪೊಲೀಸ್ನೋರು ಮನೆಗೆ ಬಂದ್ರು. ಅದು ಯಾರದೋ ಗೋಡೌನ್ ಬೀಗ ಒಡೆದು ಕದ್ದ ಅಡಿಕೆ. ಅಡಿಕೆ ರೇಟು ಏರಿದ ಮೇಲೆ ನಮ್ ಕಡೆ ಈ ಕಳ್ಳತನ ಎಷ್ಟು ಆಗಿದೆ ಅಂತ ಮಲೆನಾಡಿನವರಿಗೆ ಹೇಳೋದೇ ಬೇಡ, ತೋಟದವರ ಸಿಟ್ಟೂ ನಂಗೆ ಅರ್ಥ ಆಗತ್ತೆ, ವರ್ಷಪೂರ್ತಿ ದುಡಿಮೆ ಒಂದು ರಾತ್ರಿಗೆ ಹೋಗೋದು ಅಂದ್ರೆ ಸುಮ್ನೆ ಅಲ್ಲ. ಇವ್ನಿಗೆ ಗೊತ್ತಿತ್ತಾ ಇಲ್ವಾ ಅನ್ನೋದನ್ನ ಕೋರ್ಟ್ ತೀರ್ಮಾನ ಮಾಡ್ಲಿ, ಅದಕ್ಕೇ ಕೋರ್ಟ್ ಇರೋದು. ನಾನು ಕೇಳೋದು ಇಷ್ಟೆ, ತೀರ್ಮಾನ ಆಗೋವರೆಗೂ ಅವ್ನು ಎಲ್ಲಿರ್ಬೇಕು?

24 ಗಂಟೆ ಒಳಗೆ ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಸಿದ್ರು, ಜುಡಿಷಿಯಲ್ ಕಸ್ಟಡಿ ಆಯ್ತು, ಶಿವಮೊಗ್ಗದ ಸೋಗಾನೆ ಜೈಲಿಗೆ ಕರ್ಕೊಂಡು ಹೋದ್ರು. ಆಮೇಲೆ ತಿಳಿದಿದ್ದು ಏನಂದ್ರೆ 7 ವರ್ಷದವರೆಗೆ ಶಿಕ್ಷೆ ಇರೋ ಕೇಸಲ್ಲಿ ಪೊಲೀಸ್ನೋರು ಕಣ್ಣುಮುಚ್ಚಿ ಅರೆಸ್ಟ್ ಮಾಡೋ ಹಂಗಿಲ್ಲ, ಅರೆಸ್ಟ್ ಯಾಕೆ ಬೇಕು ಅಂತ ಕಾರಣ ಬರೀಬೇಕು, ಬೇಡ ಅನ್ಸಿದ್ರೆ ನೋಟಿಸ್ ಕೊಟ್ಟು ವಿಚಾರಣೆಗೆ ಕರೀಬೇಕು, 2014ರಲ್ಲೇ ಅರ್ನೇಶ್ ಕುಮಾರ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮವ್ನದು ಅಷ್ಟರೊಳಗೇ ಬರೋ ಕೇಸು. ಆವತ್ತು ಇದ್ಯಾವ್ದೂ ನಮಗೆ ಗೊತ್ತಿಲ್ಲ, ಮಾವ ಸ್ಟೇಷನ್ ಹೊರಗೆ ಕಲ್ಲುಬೆಂಚಿನ ಮೇಲೆ ಕೂತು ಅಳ್ತಿದ್ರು, ಅತ್ತೆ ಬುತ್ತಿ ಕಟ್ಕೊಂಡು ಬಂದಿದ್ರು, ಅದನ್ನ ಯಾರಿಗೆ ಕೊಡೋದು ಅಂತಾನೂ ತಿಳೀದೆ ಹಂಗೇ ಹಿಡ್ಕೊಂಡು ನಿಂತಿದ್ರು.

ಮೊದ್ಲು ಪ್ರೈವೇಟ್ ಲಾಯರ್ ಹಿಡಿದ್ವಿ. 15 ಸಾವಿರ ತಗೊಂಡ್ರು, ವಕಾಲತ್ತಿಗೆ ಸೈನ್ ಹಾಕ್ಸಿಕೊಂಡ್ರು, ಆಮೇಲೆ ಅವರ ಜೂನಿಯರ್ ಒಂದ್ಸಲ ಬಂದು ಡೇಟ್ ತಗೊಂಡು ಹೋದ. ಎಂಟು ದಿನ ಹೋಯ್ತು, ಬೇಲ್ ಅರ್ಜಿ ಹಾಕಿದ್ದಾರಾ ಅಂತ ಕೇಳಿದ್ರೆ "ಹಾಕ್ತೀವಿ, ಇನ್ನೊಂದು 10 ತನ್ನಿ" ಅಂದ್ರು. ಆ 15 ಸಾವಿರ ಮಾವ ಸ್ವಸಹಾಯ ಸಂಘದಿಂದ ಅತ್ತೆ ಹೆಸರಲ್ಲಿ ಎತ್ತಿದ್ದು. ಎಲ್ಲಾ ವಕೀಲರೂ ಹಿಂಗೇ ಅಂತ ಹೇಳಲ್ಲ ನಾನು, ನಮಗೆ ಸಿಕ್ಕಿದ್ದು ಹಿಂಗೆ.

ನಮ್ಮ ಅಂಗಡಿಗೆ ಪಿಂಚಣಿ ಕಾಗದ ಮಾಡ್ಸೋಕೆ ಬರೋ ರಿಟೈರ್ಡ್ ಮೇಷ್ಟ್ರು ಒಬ್ರು ಇದಾರೆ. ಅವರೇ ಹೇಳಿದ್ದು, "ಎಂತ ಮಾರಾಯ್ತಿ, ಕೋರ್ಟ್ ಕಾಂಪೌಂಡಲ್ಲೇ ಫ್ರೀ ಲಾಯರ್ ಕೊಡೋ ಆಫೀಸ್ ಇದ್ಯಲ್ಲ, ದಿನಾ ಅದರ ಮುಂದೇನೇ ಓಡಾಡ್ತೀಯ." ನಿಜ, ಬೋರ್ಡ್ ನೋಡಿದ್ದೆ, ಅದು ಬಿಪಿಎಲ್‌ನವರಿಗೆ ಅಂತ ಅಂದ್ಕೊಂಡಿದ್ದೆ. ಕೇಳಿದ ಮೇಲೆ ಗೊತ್ತಾಯ್ತು, 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆ ಪ್ರಕಾರ ಹೆಂಗಸರು, ಮಕ್ಕಳು, ಎಸ್‌ಸಿ ಎಸ್‌ಟಿ, ಅಂಗವಿಕಲರು, ಕಾರ್ಖಾನೆ ಕೆಲಸದವರು, ಮತ್ತೆ ಕಸ್ಟಡೀಲಿ ಇರೋ ಯಾರೇ ಆಗ್ಲಿ, ಇವರಿಗೆ ಆದಾಯ ಎಷ್ಟು ಅಂತ ನೋಡೋದೇ ಇಲ್ಲ. ಜೈಲಲ್ಲಿ ಇದ್ರೆ ಸಾಕು, ವಕೀಲರು ಫ್ರೀ. ಆದಾಯ ಸರ್ಟಿಫಿಕೇಟ್ ಮಾಡ್ಸೋಕೆ ಓಡ್ಬೇಡಿ, ನಾನು ಅದಕ್ಕೆ ಅಂತ ಒಂದಿನ ಕಳೆದೆ.

ಅರ್ಜಿ ಒಂದು ಹಾಳೆ. ಹೆಸರು, ಕೇಸ್ ನಂಬರ್, ಯಾವ ಸ್ಟೇಷನ್, ಯಾವ ದಿನ ಅರೆಸ್ಟ್, ಕೆಳಗೆ ಸೈನ್. ಜೈಲಿನ ಒಳಗಿಂದಾನೂ ಅರ್ಜಿ ಕೊಡ್ಬಹುದು. ಮನೇಲಿ ಓಡಾಡೋರು ಯಾರೂ ಇಲ್ಲ ಅಂದ್ರೆ 15100ಕ್ಕೆ ಫೋನ್ ಮಾಡಿ, ಅದು ದೇಶಕ್ಕೆಲ್ಲ ಒಂದೇ ಕಾನೂನು ನೆರವಿನ ನಂಬರ್. ನಮಗೆ ಎರಡು ದಿನಕ್ಕೆ ಒಬ್ರು ಮೇಡಂನ ಕೊಟ್ರು. ಫ್ರೀ ಅಂದ್ರೆ ನಾಮ್ಕೇವಾಸ್ತೆ ಇರತ್ತೆ ಅಂತ ಮಾವಂಗೆ ಅನುಮಾನ, ನಂಗೂ ಇತ್ತು, ಸುಳ್ಳು ಹೇಳಲ್ಲ. ಆದ್ರೆ ಅವರು ಮೊದಲನೇ ದಿನಾನೇ ಮುಕ್ಕಾಲು ಗಂಟೆ ಕೂತು ಕೇಳಿದ್ರು, ಬಾಡಿಗೆಗೆ ಕರೆದ ಫೋನ್ ಎಷ್ಟೊತ್ತಿಗೆ ಬಂತು, ಬಾಡಿಗೆ ಎಷ್ಟು ಕೊಟ್ರು, ಹಿಂದೆ ಏನಾದ್ರೂ ಕೇಸ್ ಇದ್ಯಾ, ಅಪ್ಪ ಅಮ್ಮ ಇದೇ ಊರಾ, ಎಲ್ಲಾ ಬರ್ಕೊಂಡ್ರು. "ಇವ್ನು ಓಡಿ ಹೋಗಲ್ಲ ಅಂತ ನಾನು ಜಡ್ಜ್‌ಗೆ ತೋರಿಸ್ಬೇಕು, ಅದಕ್ಕೆ ಬೇಕಾಗಿರೋದು ಇದೇ" ಅಂದ್ರು. ಮಾರನೇ ದಿನ ಅರ್ಜಿ ಫೈಲ್ ಆಯ್ತು. ಸರ್ಕಾರಿ ವಕೀಲರು ತಕರಾರು ಹಾಕಿದ್ರು, ವಾದ ಆಯ್ತು, ಅರೆಸ್ಟ್ ಆಗಿ 17ನೇ ದಿನಕ್ಕೆ ಬೇಲ್ ಆರ್ಡರ್ ಬಂತು. ಮಧ್ಯೆ ಒಂದು ರೂಪಾಯಿ ಕೇಳ್ಲಿಲ್ಲ, ನಾನು ಚಹಾ ತರ್ಸಿದ್ರೆ ಅದರ ದುಡ್ಡೂ ಅವರೇ ಕೊಟ್ರು.

ಕಡಿಮೆ ಮಾಡಿದ ಒಂದು ಸ್ಟಾರ್ ಯಾಕೆ ಅಂತ ಇಲ್ಲೇ ಹೇಳ್ಬಿಡ್ತೀನಿ. ಆ ಮೇಡಂ ಕೈಲಿ ಫೈಲುಗಳ ರಾಶಿ, ಸಂಜೆ ಮೇಲೆ ಫೋನ್ ಸಿಗಲ್ಲ, ಆಫೀಸಲ್ಲಿ ಇರೋದು ಒಬ್ರೇ ಗುಮಾಸ್ತರು, ಅವರು ರಜಾ ಹಾಕಿದ್ರೆ ಅರ್ಜಿ ಹಂಗೇ ಟೇಬಲ್ ಮೇಲೆ. ಸ್ಟೇಷನ್ ಗೋಡೆ ಮೇಲೆ ಆವತ್ತೇ ನಮಗೆ ಇದು ಕಾಣೋ ಹಂಗೆ ಬರೆದಿದ್ರೆ ಆ 15 ಸಾವಿರ ಉಳೀತಿತ್ತು, ಹತ್ತು ದಿನಾನೂ ಉಳೀತಿತ್ತು.

ಈಗ ಶ್ಯೂರಿಟಿ ವಿಷ್ಯ. ನಾನು ಇಷ್ಟುದ್ದ ಬರೆಯೋಕೆ ಕೂತಿದ್ದೇ ಇದಕ್ಕೆ.

ಬೇಲ್ ಆರ್ಡರ್ ಬಂದ ದಿನ ಅತ್ತೆ ಕೋಳಿ ಸಾರು ಮಾಡೋಕೆ ತಯಾರಿ ಮಾಡ್ಕೊಂಡಿದ್ರು, ಸಂಜೆಗೆ ಮಗ ಬರ್ತಾನೆ ಅಂತ. ಆರ್ಡರಲ್ಲಿ ಇದ್ದಿದ್ದು: 50 ಸಾವಿರದ ಬಾಂಡ್, ಜೊತೆಗೆ ಅಷ್ಟೇ ಮೊತ್ತಕ್ಕೆ ಒಬ್ರು ಶ್ಯೂರಿಟಿ. ಶ್ಯೂರಿಟಿ ಅಂದ್ರೆ ಇವ್ನು ಕೋರ್ಟಿಗೆ ಬರ್ತಾನೆ ಅಂತ ಜವಾಬ್ದಾರಿ ಹೊರೋರು, ಬರ್ಲಿಲ್ಲ ಅಂದ್ರೆ ದುಡ್ಡು ಅವರು ಕಟ್ಬೇಕು. ಅದಕ್ಕೆ ನಮ್ ಕಡೆ ಏನು ಕೇಳ್ತಾರೆ? ಪಹಣಿ. ಅವ್ರ ಹೆಸರಲ್ಲೇ ಇರ್ಬೇಕು, ಜೊತೆಗೆ ಆಧಾರ್, ಫೋಟೋ.

ಮಾವನ ಹತ್ರ ಪಹಣಿ ಇಲ್ಲ. ಜಮೀನಿಲ್ಲ ಅಂತಲ್ಲ, ಒಂದೂವರೆ ಎಕ್ರೆ ಇದೆ, ಅರ್ಧ ಅಡಿಕೆ, ಉಳಿದಿದ್ದು ಗದ್ದೆ. ಅಜ್ಜ ಶರಾವತಿ ಮುಳುಗಡೆಯವರು. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಕಟ್ಟಿದಾಗ ಮನೆ, ಗದ್ದೆ, ದನದ ಕೊಟ್ಟಿಗೆ ಎಲ್ಲಾ ನೀರಿಗೆ ಹೋಯ್ತು, ಲಾರೀಲಿ ತಂದು ಕಾಡಿನ ಮಧ್ಯೆ ಇಳಿಸಿದ್ರಂತೆ. ಅವತ್ತಿಂದ ಉಳ್ತಾ ಇದಾರೆ. ಜಾಗ ದಾಖಲೆಲಿ ಅರಣ್ಯ ಅಂತಾನೇ ಇದೆ, ಅರ್ಜಿ ಮೇಲೆ ಅರ್ಜಿ ಕೊಟ್ಟಿದ್ದಾರೆ, ನಾನೇ ಎಷ್ಟು ಸಲ ಪ್ರಿಂಟ್ ತೆಗೆದು ಕೊಟ್ಟಿದೀನಿ. ನಮ್ ಜಿಲ್ಲೇಲಿ ಹಿಂಗಿರೋ ಮನೆ ಇದೊಂದೇ ಅಲ್ಲ, ಮುಳುಗಡೆಯವರು, ಬಗರ್ ಹುಕುಂನವರು, ಸೊಪ್ಪಿನಬೆಟ್ಟದಲ್ಲಿ (ತೋಟಕ್ಕೆ ಸೊಪ್ಪು ತರೋಕೆ ಬಿಟ್ಟ ಕಾಡು) ಇರೋರು ಎಲ್ಲರದ್ದೂ ಇದೇ ಪಾಡು. ನಾಡಿಗೆ ಕರೆಂಟ್ ಕೊಡೋಕೆ ಭೂಮಿ ಬಿಟ್ಟವರ ಮೊಮ್ಮಗ, ಪಹಣಿ ಇಲ್ಲ ಅಂತ ಜೈಲಲ್ಲಿ ಕೂರ್ಬೇಕಾ? ನಂಗೆ ಆ ದಿನ ತಡ್ಕೊಳೋಕೆ ಆಗ್ಲಿಲ್ಲ, ಅಂಗಡೀಲಿ ಬೇರೆಯವರ ಪಹಣಿ ಪ್ರಿಂಟರಿಂದ ಹೊರಗೆ ಬರ್ತಾ ಇದ್ರೆ ಕಣ್ಣಲ್ಲಿ ನೀರು.

ನೆಂಟರ ಹತ್ರ ಹೋದ್ವಿ. ದೊಡ್ಡಪ್ಪಂದು ಪಹಣಿ ಇದೆ, ಆದ್ರೆ ನಾಲ್ಕು ಜನ ಅಣ್ಣತಮ್ಮಂದಿರ ಜಂಟಿ, ಒಬ್ರು ಬೆಂಗಳೂರು, ಇನ್ನೊಬ್ರ ಜೊತೆ ಮಾತಿಲ್ಲ. ಭಾವನ ಪಹಣಿ ಮೇಲೆ ಸೊಸೈಟಿ ಬೆಳೆ ಸಾಲ ಇದೆ, ಅವರಿಗೆ ಹೆದರಿಕೆ, ನಾಳೆ ಸಾಲ ಸಿಗದೆ ಹೋದ್ರೆ ಅಂತ. ಅವರ ತಪ್ಪು ಅಂತ ನಾನು ಹೇಳಲ್ಲ. ಹೊಸನಗರದ ಕಡೆ ಅತ್ತೆ ತಮ್ಮ ಒಪ್ಪಿದ್ರು, ಅಷ್ಟೊತ್ತಿಗೆ ಇಲ್ಲಿ ಯಾರೋ "ಲೋಕಲ್ ಶ್ಯೂರಿಟಿನೇ ಬೇಕು, ಬೇರೆ ತಾಲ್ಲೂಕಿಂದು ತಗೊಳಲ್ಲ" ಅಂತ ಹೇಳಿ ಕಳ್ಸಿದ್ರು.

ಕೋರ್ಟ್ ಗೇಟ್ ಹತ್ರ ಒಬ್ಬ ಇದ್ದ. ಬಿಳಿ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಫೋಲ್ಡರ್. ನಾವು ಎರಡು ದಿನ ಅಲ್ಲೇ ಸುತ್ತೋದು ನೋಡಿ ತಾನೇ ಬಂದ. "ಶ್ಯೂರಿಟಿ ಬೇಕಾ ಅಕ್ಕ? ಆರು ಸಾವಿರ ಆಗತ್ತೆ. ಪಹಣಿ ನಂದೇ, ಎಲ್ಲಾ ಕರೆಕ್ಟ್ ಇದೆ. ಹುಡುಗನ ಹೆಸರು, ಅಪ್ಪನ ಹೆಸರು, ಊರು ಬರೆದು ಕೊಡಿ, ಜಡ್ಜ್ ಕೇಳಿದ್ರೆ ಸಣ್ಣವನಿಂದ ನೋಡಿದೀನಿ ಅಂತ ಹೇಳ್ತೀನಿ." ಮಾವ ಅಲ್ಲೇ ಜೇಬಿಗೆ ಕೈ ಹಾಕಿದ್ರು. ನಾನೇ ಮೇಡಂಗೆ ಫೋನ್ ಮಾಡಿದೆ. ಅವರು ಬೈದ್ರು, ಸರಿಯಾಗಿ ಬೈದ್ರು. ಯಾರು ಎಷ್ಟು ಜನಕ್ಕೆ ಶ್ಯೂರಿಟಿ ಹಾಕಿದಾರೆ ಅಂತ ಕೋರ್ಟಿಗೆ ಬರೆದು ಕೊಡ್ಬೇಕು ಅಂತ ಕಾನೂನಿದೆ, ಇಂಥವರು ಸುಳ್ಳು ಬರೀತಾರೆ, ಸಿಕ್ಕಿ ಬಿದ್ರೆ ಹುಡುಗನ ಬೇಲೂ ಹೋಗತ್ತೆ, ಕರ್ಕೊಂಡು ಬಂದ ನಮ್ ಮೇಲೂ ಬರತ್ತೆ ಅಂತ. ಒಂದು ಯೋಚ್ನೆ ಮಾಡಿ: ಅಪ್ಪ ಅಮ್ಮ ಹೆಂಡ್ತಿ ಅಣ್ಣ ಇರೋ ಹುಡುಗನಿಗೆ ಅವನ ಅಪ್ಪ ಹೊಣೆ ಹೊರೋ ಹಂಗಿಲ್ಲ, ಅವನ ಮುಖಾನೇ ನೋಡದವನು ಆರು ಸಾವಿರಕ್ಕೆ ಹೊಣೆ ಹೊರ್ಬಹುದು. ಹುಡುಗ ಓಡಿ ಹೋದ್ರೆ ಹುಡುಕ್ಕೊಂಡು ಹೋಗೋದು ಯಾರು, ಅಪ್ಪಾನಾ ಆ ಬಿಳಿ ಅಂಗಿಯವನಾ?

ಮೇಡಂ ಇನ್ನೊಂದು ಅರ್ಜಿ ಹಾಕಿದ್ರು, ಷರತ್ತು ಬದಲಾಯ್ಸಿ ಅಂತ. ಅದನ್ನ ಬರೆದಾಗ ಪಕ್ಕ ಕೂರ್ಸಿಕೊಂಡು ನಂಗೆ ವಿವರ ಹೇಳಿದ್ರು, ಹಂಗಾಗಿ ಇಷ್ಟು ಗೊತ್ತಾಯ್ತು. 1978ರಲ್ಲಿ ಮೋತಿರಾಮ್ ಅನ್ನೋ ಗಾರೆ ಕೆಲಸದವನ ಕೇಸ್. ಮಧ್ಯಪ್ರದೇಶದವನು, ಅವ್ನಿಗೆ 10 ಸಾವಿರದ ಶ್ಯೂರಿಟಿ ಕೇಳಿದ್ರು, ಅವನ ಸೋದರನ ಆಸ್ತಿ ಬೇರೆ ಜಿಲ್ಲೇಲಿ ಇದೆ ಅಂತ ಮ್ಯಾಜಿಸ್ಟ್ರೇಟ್ ಒಪ್ಲಿಲ್ಲ. ಸುಪ್ರೀಂ ಕೋರ್ಟಲ್ಲಿ ಜಸ್ಟಿಸ್ ಕೃಷ್ಣ ಅಯ್ಯರ್ ಅವರು ಅದು ತಪ್ಪು ಅಂದ್ರು, ಒಂದು ಸಾವಿರದ ಸ್ವಂತ ಬಾಂಡ್ ಮೇಲೆ ಬಿಡಿ ಅಂದ್ರು. ಅಷ್ಟು ಹಿಂದೆ ಹೇಳಿದ್ದು, ನಮ್ ಅತ್ತೆ ತಮ್ಮನ ಹೊಸನಗರದ ಪಹಣಿಗೆ ಅದೇ ಮಾತು ಈಗ್ಲೂ ಕೇಳ್ಬೇಕಾಯ್ತು. ಇನ್ನು ಕ್ರಿಮಿನಲ್ ಕೇಸು ನಡೆಸೋ ಮೂಲ ಕಾಯ್ದೇಲಿ ಪಹಣಿ ಅನ್ನೋ ಮಾತೇ ಇಲ್ಲ, ಶ್ಯೂರಿಟಿಗೆ ಅಷ್ಟು ಶಕ್ತಿ ಇದೆ ಅಂತ ಕೋರ್ಟಿಗೆ ಸಮಾಧಾನ ಆಗ್ಬೇಕು, ಅಫಿಡವಿಟ್ ತಗೋಬಹುದು ಅಂತ ಇದೆ. ಬಾಂಡ್ ಮೊತ್ತ ಆ ಮನುಷ್ಯನ ಪರಿಸ್ಥಿತಿ ನೋಡಿ ಇಡ್ಬೇಕು, ವಿಪರೀತ ಆಗ್ಬಾರ್ದು ಅಂತಾನೂ ಬರೆದಿದೆ. ಶ್ಯೂರಿಟಿ ಬದ್ಲು ಕ್ಯಾಶ್ ಡೆಪಾಸಿಟ್ ಕೇಳೋಕೂ ಅವಕಾಶ ಇದೆ, ನಮಗೆ ಮೊದಲನೇ ದಿನ ಇದನ್ನ ಯಾರೂ ಹೇಳ್ಲಿಲ್ಲ.

2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಮಾಡಿದೆ, ಅದನ್ನ ನಾನು ಎರಡು ಸಲ ಓದಿದೆ, ಯಾಕಂದ್ರೆ ನಮ್ಮನೆ ಕಥೇನೇ ಬರೆದ ಹಂಗಿತ್ತು. ಬೇಲ್ ಆದ ದಿನಾನೋ ಮಾರನೇ ದಿನಾನೋ ಆರ್ಡರ್ ಜೈಲಿಗೆ ಇಮೇಲ್ ಹೋಗ್ಬೇಕು. 7 ದಿನದಲ್ಲಿ ಹೊರಗೆ ಬರ್ಲಿಲ್ಲ ಅಂದ್ರೆ ಜೈಲ್ ಸೂಪರಿಂಟೆಂಡೆಂಟ್ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸ್ಬೇಕು, ಅಲ್ಲಿಂದ ಯಾರಾದ್ರೂ ಹೋಗಿ ಯಾಕೆ ಬರ್ಲಿಲ್ಲ ಅಂತ ವಿಚಾರಿಸ್ಬೇಕು. ಒಂದು ತಿಂಗಳಾದ್ರೂ ಬಾಂಡ್ ಕೊಡೋಕೆ ಆಗ್ಲಿಲ್ಲ ಅಂದ್ರೆ ಷರತ್ತು ಸಡಿಲ ಮಾಡ್ಬಹುದಾ ಅಂತ ಕೋರ್ಟ್ ತಾನೇ ನೋಡ್ಬಹುದು. ಲೋಕಲ್ ಶ್ಯೂರಿಟಿ ಅಂತ ಹಠ ಹಿಡಿಯೋದೇ ತಡ ಆಗೋಕೆ ಒಂದು ಕಾರಣ, ಅಂಥ ಷರತ್ತು ಹಾಕ್ದೇ ಇರೋದು ಒಳ್ಳೇದು ಅಂತಾನೂ ಅದರಲ್ಲಿದೆ. ಶ್ಯೂರಿಟಿ ಹೊಂದಿಸ್ಕೊಳೋಕೆ ಅಂತ ಸ್ವಲ್ಪ ದಿನದ ಟೆಂಪರರಿ ಬೇಲ್ ಕೇಳ್ಬಹುದು.

ಬೇಲ್ ಆಗಿ 23ನೇ ದಿನ ನಮ್ ಅರ್ಜಿ ಒಪ್ಕೊಂಡ್ರು. ಸ್ವಂತ ಬಾಂಡ್, 10 ಸಾವಿರ ಕ್ಯಾಶ್ ಡೆಪಾಸಿಟ್, ಪ್ರತಿ ಭಾನುವಾರ ಸ್ಟೇಷನ್ನಿಗೆ ಹೋಗಿ ಸೈನ್. ಅತ್ತೆ ವಾಲೆ ಗಿರವಿ ಇಟ್ಟು ದುಡ್ಡು ತಂದ್ರು. ಆಮೇಲೆ ಗೊತ್ತಾಗಿದ್ದು, ಕೇಂದ್ರ ಸರ್ಕಾರ 2023ರಲ್ಲಿ ಬಡ ಕೈದಿಗಳಿಗೆ ಅಂತ ಒಂದು ಯೋಜನೆ ಮಾಡಿದೆ, ವಿಚಾರಣಾಧೀನ ಕೈದಿಗೆ ಬೇಲ್ ದುಡ್ಡಿಗೆ ಸಹಾಯ ಇದೆ, 2023ರಲ್ಲಿ 40 ಸಾವಿರದವರೆಗೂ ಅಂತ ಇಟ್ಟಿದ್ರು, ಜಿಲ್ಲಾ ಮಟ್ಟದ ಸಮಿತಿ ತೀರ್ಮಾನ ಮಾಡತ್ತೆ. ದಯವಿಟ್ಟು ನಿಮ್ ವಕೀಲರ ಹತ್ರ ಇದನ್ನ ಮೊದ್ಲೇ ಕೇಳಿ, ವಾಲೆ ಬಿಚ್ಚೋ ಮುಂಚೆ.

ಒಟ್ಟು 40 ದಿನ. 17 ದಿನ ಬೇಲ್ ಆಗೋಕೆ, 23 ದಿನ ಬೇಲ್ ಆದ್ಮೇಲೆ. ಈ ಎರಡನೇ ಲೆಕ್ಕ ನಂಗೆ ಈಗ್ಲೂ ನಿದ್ದೆ ಕೊಡಲ್ಲ. ಜಡ್ಜ್ ಬಿಡಿ ಅಂದಿದ್ದಾರೆ, ಸರ್ಕಾರ ಅನ್ನ ಹಾಕಿ ಇಟ್ಕೊಂಡಿದೆ, ಯಾರಿಗೆ ಏನು ಲಾಭ? 2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನ ಇದ್ರು, ಅದರಲ್ಲಿ 4,34,302 ಜನ ವಿಚಾರಣಾಧೀನರು, ಅಂದ್ರೆ ನಾಲ್ಕರಲ್ಲಿ ಮೂರು ಜನಕ್ಕೆ ಇನ್ನೂ ಶಿಕ್ಷೇನೇ ಆಗಿಲ್ಲ. ಜಾಗ ಇದ್ದಿದ್ದು 4,36,266 ಜನಕ್ಕೆ.

ಹೊಸ ಕಾನೂನು, ಅಂದ್ರೆ 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅದರಲ್ಲಿ 479ನೇ ಸೆಕ್ಷನ್ ಒಳ್ಳೇದಿದೆ. ಹಿಂದೆ ಯಾವ ಕೇಸಲ್ಲೂ ಶಿಕ್ಷೆ ಆಗದೇ ಇರೋರು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ರೆ ಬಾಂಡ್ ಮೇಲೆ ಬಿಡ್ಬೇಕು, ಉಳಿದವರಿಗೆ ಅರ್ಧ. ಮರಣದಂಡನೆ, ಜೀವಾವಧಿ ಇರೋ ಕೇಸಿಗೆ ಇಲ್ಲ, ಒಂದಕ್ಕಿಂತ ಜಾಸ್ತಿ ಕೇಸ್ ಇದ್ರೂ ಇಲ್ಲ. ಜೈಲ್ ಸೂಪರಿಂಟೆಂಡೆಂಟೇ ಅರ್ಜಿ ಹಾಕ್ಬೇಕು ಅಂತಿದೆ, ಹಳೇ ಕೇಸುಗಳಿಗೂ ಅನ್ವಯ ಅಂತ 2024ರ ಆಗಸ್ಟಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದ್ರೆ 7 ವರ್ಷದ ಕೇಸಲ್ಲಿ ಮೂರನೇ ಒಂದು ಅಂದ್ರೆ 2 ವರ್ಷ 4 ತಿಂಗಳು. ನಮ್ ಹುಡುಗನ ಥರದವರಿಗೆ ಅಷ್ಟು ದಿನ ಕಾಯೋದು ಅಂದ್ರೆ ಬದುಕೇ ಮುಗೀತು. 60 ದಿನದಲ್ಲಿ ಚಾರ್ಜ್‌ಶೀಟ್ ಹಾಕ್ಲಿಲ್ಲ ಅಂದ್ರೆ ಬೇಲ್ ಹಕ್ಕು ಅನ್ನೋದೂ ಇದೆ, ದೊಡ್ಡ ಕೇಸುಗಳಿಗೆ 90. ಅದಕ್ಕೂ ಬಾಂಡು, ಶ್ಯೂರಿಟಿ ಅಂತ ಬಂದ್ರೆ ಮತ್ತೆ ಅದೇ ಪಹಣಿ ಹತ್ರ ಬಂದು ನಿಲ್ತೀವಿ. 2022ರಲ್ಲಿ ಸತೇಂದ್ರ ಆಂಟಿಲ್ ಕೇಸಲ್ಲಿ ಸುಪ್ರೀಂ ಕೋರ್ಟ್, ಇಂಗ್ಲೆಂಡಲ್ಲಿ 1976ರಿಂದ ಇರೋ ಹಂಗೆ ಬೇಲಿಗೇ ಒಂದು ಬೇರೆ ಕಾಯ್ದೆ ಮಾಡಿ ಅಂತ ಸರ್ಕಾರಕ್ಕೆ ಹೇಳ್ತು. ಮಾಡೋದಾದ್ರೆ ಅದರಲ್ಲಿ ಒಂದು ಸಾಲು ಇರ್ಲಿ: ಅಪ್ಪ, ಅಮ್ಮ, ಹೆಂಡ್ತಿ, ಕೆಲಸ ಕೊಟ್ಟ ಮಾಲೀಕ, ಸಂಘದ ಹೆಂಗಸರು, ಇವರ ಮಾತು ಶ್ಯೂರಿಟಿಗೆ ಸಾಕು, ಭೂಮಿ ಕಾಗದ ಬೇಡ. ನಮ್ ಕಡೆ ಸಂಘದ ಹತ್ತು ಹೆಂಗಸರು ಒಬ್ರಿಗೊಬ್ರು ನಿಂತು ಲಕ್ಷ ಸಾಲ ತೀರಿಸ್ತಾರೆ, ಬ್ಯಾಂಕ್ ನಂಬತ್ತೆ. ಕೋರ್ಟ್ ಯಾಕೆ ನಂಬ್ಬಾರ್ದು?

ಅವ್ನು ಹೊರಗೆ ಬಂದಿದ್ದು ಜೂನ್ ಮೊದಲನೇ ವಾರ, ಸಂಜೆ, ಮಳೆ ಶುರುವಾಗಿತ್ತು. ನಾನೂ ಮಾವಾನೂ ಶಿವಮೊಗ್ಗದಿಂದ ಆಟೋ ಮಾಡ್ಕೊಂಡು ಹೋಗಿದ್ವಿ. ಪ್ಲಾಸ್ಟಿಕ್ ಕವರಲ್ಲಿ ಎರಡು ಜೊತೆ ಬಟ್ಟೆ, ಗಡ್ಡ ಬಂದಿತ್ತು, ಒಂದು ಕಡೆ ಕೆನ್ನೆ ಒಳಗೆ ಹೋಗಿತ್ತು. ಅಪ್ಪನ ಮುಖ ನೋಡಿ ಮೊದ್ಲು ಕೇಳಿದ್ದು, "ತೋಟಕ್ಕೆ ಔಷಧಿ ಹೊಡ್ಸಿದ್ರಾ?" ಅಂತ. ಹೊಡ್ಸಿರ್ಲಿಲ್ಲ, ಮರ ಹತ್ತೋನೇ ಅವ್ನು, ಆಳು ಕರೆಯೋಕೆ ದುಡ್ಡೆಲ್ಲಿತ್ತು? ಆ ವರ್ಷ ಕೊಳೆ ರೋಗ ಬಂದು ಅರ್ಧ ಕಾಯಿ ಉದುರ್ತು. ಪಿಕಪ್ಪಿಗೆ ಮಾಲೀಕರು ಬೇರೆ ಡ್ರೈವರ್ ಇಟ್ಕೊಂಡಿದ್ರು. ಈಗ ಅವ್ನು ತೋಟದ ಕೆಲ್ಸಕ್ಕೆ ಹೋಗ್ತಾನೆ, ಭಾನುವಾರ ತಪ್ಪದೆ ಸ್ಟೇಷನ್ನಿಗೆ ಹೋಗಿ ಸೈನ್ ಹಾಕಿ ಬರ್ತಾನೆ, ಕೋರ್ಟ್ ಡೇಟ್ ಒಂದೂ ತಪ್ಸಿಲ್ಲ. ಪಹಣಿ ಇಲ್ದೆ ಬಿಟ್ಟಿದ್ದಕ್ಕೆ ಓಡಿ ಹೋಗಿಲ್ಲ.

ಹೋಗೋರಿಗೆ: ಕೋರ್ಟ್ ನಡೆಯೋ ದಿನ ಬೆಳಗ್ಗೆನೇ ಹೋಗಿ, ಮಧ್ಯಾಹ್ನ ಆದ್ರೆ ವಕೀಲರು ಕಲಾಪದಲ್ಲಿ ಇರ್ತಾರೆ. ಎಫ್ಐಆರ್ ಕಾಪಿ ಇದ್ರೆ ತಗೊಂಡು ಹೋಗಿ, ಇಲ್ಲ ಅಂದ್ರೂ ಕ್ರೈಂ ನಂಬರ್ ಸಾಕು. ಬೇಲ್ ಅರ್ಜಿ ಹಾಕುವಾಗ್ಲೇ "ಮೇಡಂ, ನಮ್ ಹತ್ರ ಪಹಣಿ ಇಲ್ಲ, ಕ್ಯಾಶ್ ಡೆಪಾಸಿಟ್ಟೋ ಸ್ವಂತ ಬಾಂಡೋ ಕೇಳಿ" ಅಂತ ಬಾಯಿಬಿಟ್ಟು ಹೇಳಿ, ನಾವು ಹೇಳದೆ 23 ದಿನ ಕಳ್ಕೊಂಡ್ವಿ. ಗೇಟ್ ಹತ್ರ ಫೋಲ್ಡರ್ ಹಿಡ್ಕೊಂಡು ಬರೋರ ಜೊತೆ ಮಾತಾಡ್ಬೇಡಿ. ಉಚಿತ ವಕೀಲರ ಅರ್ಜಿ ಫಾರಂ ಒಂದು ಕಟ್ಟು ಜೆರಾಕ್ಸ್ ಮಾಡಿ ನನ್ನ ಅಂಗಡಿ ಕೌಂಟರ್ ಮೇಲೆ ಇಟ್ಟಿದೀನಿ, ಪಹಣಿ ಪ್ರಿಂಟ್ ಕೊಡೋ ಜಾಗದ ಪಕ್ಕದಲ್ಲೇ. ಅದಕ್ಕೆ ದುಡ್ಡು ತಗೊಳಲ್ಲ, ತುಂಬೋಕೆ ಬರ್ದೇ ಇದ್ರೆ ನಾನೇ ತುಂಬಿ ಕೊಡ್ತೀನಿ.